ಹನ್ನೊಂದು ಸಲ ಬಿದ್ದ ಹೂವು

ನಮ್ಮ ನಾಗೂ ಲೆಕ್ಕ ಮಾಡಲು ಕೂತರೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಬೆಕ್ಕು ಕೂಡ ಹೊಸ್ತಿಲಲ್ಲಿ ನಿಂತು ಅವಳ ಮುಖ ನೋಡಿ, ಅಪ್ಪಣೆ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಒಳಗೆ ಬರುತ್ತಿತ್ತು. ಪುಣೆಯ ರವಿವಾರ ಪೇಟೆಯಲ್ಲಿ ರಂಗೂಬಾಯಿಯ ವಾಡೆಯೊಳಗೆ ಎರಡು ಕೋಣೆ, ಒಂದು ಅಡಿಗೆಮನೆ ಹಿಡಿದು ನಾವು ಐದು ಜನ ಇದ್ದೆವು. ನಾನು, ನನ್ನ ಮಗ ಹೊಳಬಸಪ್ಪ, ಸೊಸೆ ಸಾವಂತ್ರವ್ವ, ಅವರ ಒಬ್ಬಳೇ ಮಗಳು ನಾಗವ್ವ, ಮತ್ತೆ ಗಂಡ ಸತ್ತು ತವರಿಗೆ ಬಂದಿದ್ದ ನನ್ನ ಮಗಳು ಪಾರವ್ವ. ಹೊಳಬಸಪ್ಪನಿಗೆ ಅದೇ ಪೇಟೆಯಲ್ಲಿ ಗುಳೇದಗುಡ್ಡದ ಖಣದ ಅಂಗಡಿ. ಅವನಪ್ಪ ಹಾಕಿದ್ದು. ಪುಣೆಯ ಅರ್ಧ ಹೆಂಗಸರು ತೊಡುವ ಕುಪ್ಪಸ ನಮ್ಮ ಅಂಗಡಿಯದು, ಉಳಿದ ಅರ್ಧ ಹೆಂಗಸರಿಗೆ ಅಂಗಡಿಯ ದಾರಿ ಗೊತ್ತಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಇದು ದೊಡ್ಡ ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನಾಗೂಗೆ ಹದಿನಾರು. ಮ್ಯಾಟ್ರಿಕ್ ಪರೀಕ್ಷೆಯ ಜೊತೆಗೆ ಆ ವರ್ಷ ಅವಳು ಇನ್ನೊಂದು ಪರೀಕ್ಷೆಗೂ ಓದುತ್ತಿದ್ದಳು. ಯಾವುದೋ ಧರ್ಮಾರ್ಥ ಮಂಡಳಿಯವರು ಇಡೀ ಪುಣೆಯಿಂದ ಇಬ್ಬರೇ ಹುಡುಗಿಯರನ್ನು ಆರಿಸಿ ಕಾಲೇಜಿನ ಓದನ್ನು ಪೂರ್ತಿ ತಾವೇ ನೋಡಿಕೊಳ್ಳುತ್ತಿದ್ದರು. ಚೈತ್ರದ ಕೊನೆಗೆ ಪರೀಕ್ಷೆ. ಲೆಕ್ಕದಲ್ಲಿ ಮುಂದಿದ್ದವರೇ ಗೆಲ್ಲುವುದು. ಅವಳ ಮಾಸ್ತರ ಪಂಢರಿನಾಥರು, ಪ್ರತಿವರ್ಷ ಸಂಭವದ ಲೆಕ್ಕ ಒಂದು ಬಂದೇ ಬರುತ್ತದೆ, ಅದರಲ್ಲೇ ಹುಡುಗಿಯರು ಮುಗ್ಗರಿಸುತ್ತಾರೆ ಎಂದು ಹೇಳಿ, ಮೂವತ್ತು ಕಠಿಣ ಲೆಕ್ಕಗಳನ್ನು ಬರೆದುಕೊಟ್ಟಿದ್ದರು.

ಸಂಭವ ಅಂದರೆ ಏನು ಎಂದು ನಾನು ರೊಟ್ಟಿ ಬಡಿಯುತ್ತಾ ಕೇಳಿದೆ.

"ಒಂದು ಮಾತು ಆಗೋದು ಎಷ್ಟರಾಗ ಎಷ್ಟು ಸಲ ಅಂತ ಲೆಕ್ಕ ಹಾಕೋದು, ಅಜ್ಜಿ."

"ನಾಳೆ ನಿಮ್ಮವ್ವ ಪಲ್ಯಾಕ ಉಪ್ಪು ಮರೀತಾಳೋ ಇಲ್ಲೋ ಅಂತ ಹೇಳ್ತದೇನು ನಿನ್ನ ಲೆಕ್ಕ?"

"ಹಿಂದ ಎಷ್ಟು ಸಲ ಮರತಾಳ ಅಂತ ನೀ ಹೇಳಿದ್ರ ಹೇಳ್ತದ."

ಸಾವಂತ್ರವ್ವ ಒಲೆಯ ಹತ್ತಿರದಿಂದ ಅಜ್ಜಿ ಮೊಮ್ಮಗಳು ಆಡಬೇಕಾದ ಮಾತಲ್ಲ ಇದು ಎನ್ನುವ ಹಾಗೆ ನೋಡಿದಳು.

ಮಾಘದ ಕೊನೆಗೆ ಸೋಲಾಪುರದಿಂದ ಸಂಬಂಧ ಬಂತು. ನೂಲಿನ ವ್ಯಾಪಾರದವರು, ಒಬ್ಬನೇ ಮಗ, ಮನೆತನ ಒಳ್ಳೆಯದು. ಹುಡುಗಿ ಮ್ಯಾಟ್ರಿಕ್ ಓದಿದ್ದು ಸಾಕು, ಮುಂದಿನ ಓದು ಬೇಡ, ವೈಶಾಖದಲ್ಲಿ ಮದುವೆ ಆಗಬೇಕು ಎಂದು ಹೇಳಿ ಕಳಿಸಿದ್ದರು. ಅಂದರೆ ಆ ಚೈತ್ರದ ಪರೀಕ್ಷೆಗೆ ಕೂಡುವುದರಲ್ಲಿ ಅರ್ಥವೇ ಇರಲಿಲ್ಲ.

ಅಂದು ಸಂಜೆ ಊಟಕ್ಕೆ ಪುಂಡಿಪಲ್ಯ, ರೊಟ್ಟಿ. ಹೊಳಬಸಪ್ಪ ಮೊದಲ ರೊಟ್ಟಿ ಮುಗಿಸುವವರೆಗೆ ಸುಮ್ಮನಿದ್ದ. ಎರಡನೆಯದಕ್ಕೆ ವಿಷಯ ತೆಗೆದ. ಸಾವಂತ್ರವ್ವನಿಗೆ ಸಂಬಂಧ ಒಪ್ಪಿಗೆಯಾಗಿತ್ತು. ತಾನು ಹದಿಮೂರಕ್ಕೆ ಈ ಮನೆಗೆ ಬಂದವಳು, ಪೇಟೆಯಲ್ಲಿ ನಾಲ್ಕು ಜನ ಈಗಾಗಲೇ ಕೇಳುತ್ತಿದ್ದಾರೆ, ಕಾಲೇಜು ಓದಿದವಳಿಗೆ ನಮ್ಮವರಲ್ಲಿ ವರ ಎಲ್ಲಿ ಸಿಗುತ್ತಾನೆ ಎಂದು ಒಂದೇ ಉಸಿರಿಗೆ ಹೇಳಿದಳು. ನಾಗೂ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

"ಅಪ್ಪಾ, ಪರೀಕ್ಷಾಕ್ಕ ಕೂಡ್ತೀನಿ. ಆಮ್ಯಾಲ ಏನರ ಹೇಳು" ಎಂದಳು.

"ಆಮ್ಯಾಲ ಅವ್ರು ಕಾಯೂದಿಲ್ಲ."

"ನಾನೂ ಕಾಯೂದಿಲ್ಲಪ್ಪಾ. ಪರೀಕ್ಷಾ ವರ್ಷಕ್ಕೊಮ್ಮಿ."

ಹೊಳಬಸಪ್ಪನ ಕೈ ತಾಟಿನಲ್ಲೇ ನಿಂತಿತು. ಅವನು ಸಿಟ್ಟಿನ ಮನುಷ್ಯನಲ್ಲ. ಗಿರಾಕಿ ಹತ್ತು ಖಣ ಬಿಡಿಸಿ ನೋಡಿ ಒಂದೂ ಕೊಳ್ಳದೆ ಎದ್ದರೂ ನಗುತ್ತಾ ಮಡಚುವವನು. ಆದರೆ ತಾನಾಗಿ ಒಂದು ನಿರ್ಧಾರ ಮಾಡು ಎಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಕೈ ತೊಳೆದು ಬಂದು, "ಯುಗಾದಿ ಕಳೆದ ಮ್ಯಾಲ ಬರೂ ಸೋಮವಾರ ಹೂ ಕೇಳೂಣ. ವೀರಭದ್ರ ಹೇಳಿದಂಗ ಆಗಲಿ" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಹೂ ಹಚ್ಚುವವಳು ನಾನು.

ನಮ್ಮ ಮನೆಯಲ್ಲಿ ದೊಡ್ಡ ಮಾತು ಯಾವುದೇ ಇರಲಿ, ಹೂ ಕೇಳದೆ ಮಾಡುತ್ತಿರಲಿಲ್ಲ. ದೇವರ ಜಗುಲಿಯ ಮೇಲೆ ಮೊಳಕೈ ಎತ್ತರದ ಹಿತ್ತಾಳೆಯ ವೀರಭದ್ರ. ಸ್ನಾನ ಮಾಡಿ, ಒದ್ದೆ ವಿಭೂತಿಯಿಂದ ಅವನ ಎರಡು ಭುಜಕ್ಕೆ ಎರಡು ಕಣಗಿಲೆ ಹೂ ಹಚ್ಚಿ, ದೀಪ ಇಟ್ಟು, ಬೇಕಾದ್ದನ್ನು ಕೇಳಿ ಕೂಡುವುದು. ಬಲಗಡೆಯ ಹೂ ಮೊದಲು ಬಿದ್ದರೆ ಹೂಂ. ಎಡಗಡೆಯದು ಬಿದ್ದರೆ ಬೇಡ. ನನ್ನ ಗಂಡ ಇದ್ದಾಗಿನಿಂದ ಹೂ ಹಚ್ಚುವ ಕೆಲಸ ನನ್ನದು. ಹೂ ಹೇಗೆ ಬೀಳುತ್ತದೆ ಎಂದು ನಾನು ಮೊದಲೇ ಹೇಳುತ್ತಿದ್ದೆ, ಹಾಗೇ ಬೀಳುತ್ತಿತ್ತು. ಶಿವಬಸವ್ವನ ನಾಲಿಗೆಯಲ್ಲಿ ವೀರಭದ್ರ ಕುಳಿತಿದ್ದಾನೆ ಎಂದು ಮಂದಿ ಅನ್ನುತ್ತಿದ್ದರು. ಮಂದಿ ಮರೆತರೆ ನಾನೇ ನೆನಪು ಮಾಡಿ ಕೊಡುತ್ತಿದ್ದೆ.

ಮಾರನೆಯ ದಿನದಿಂದ ನಾಗೂ ಇನ್ನೂ ಬಿಗಿಯಾಗಿ ಲೆಕ್ಕಕ್ಕೆ ಕೂತಳು. ಮೂವತ್ತರಲ್ಲಿ ಇಪ್ಪತ್ತೆರಡನೆಯ ಲೆಕ್ಕ ಅವಳನ್ನು ನಾಲ್ಕು ದಿನ ತಿಂದಿತು. ಉತ್ತರ ಬರೆದುಕೊಂಡು ಹೋದರೆ ಮಾಸ್ತರು ಗೀಟು ಹೊಡೆದು ಕಳಿಸುತ್ತಿದ್ದರು. ನನಗೆ ನೋಡಲಾಗಲಿಲ್ಲ. ಓದಿ ಹೇಳು, ನಾನೂ ನೋಡುತ್ತೇನೆ ಎಂದೆ. ನಾನು ಕನ್ನಡ ಸಾಲಿಯ ಎರಡನೇ ಇಯತ್ತೆಯಲ್ಲಿ ಪಾಟಿ ಒಡೆದು ಮನೆಗೆ ಓಡಿ ಬಂದವಳು. ಆ ಪಾಟಿಯನ್ನು ಈಗ ಹುಡುಕಿದರೂ ಸಿಗುತ್ತದೆ.

ಲೆಕ್ಕ ಹೀಗಿತ್ತು. ಎರಡು ಗಡಿಗೆ, ಹೊರಗಿನಿಂದ ನೋಡಲು ಒಂದೇ ಥರ. ಒಂದರಲ್ಲಿ ಮೂರು ಕರಿ ಗುಂಡು, ಒಂದು ಬಿಳಿ. ಇನ್ನೊಂದರಲ್ಲಿ ಒಂದು ಕರಿ, ಮೂರು ಬಿಳಿ. ಯಾವುದೋ ಒಂದು ಗಡಿಗೆ ಎದುರಿಗಿದೆ. ಯಾವುದೆಂದು ಗೊತ್ತಿಲ್ಲ. ಕೈ ಹಾಕಿ ತೆಗೆದರೆ ಕರಿ ಬಂತು. ಅದನ್ನು ಒಳಗೆ ಹಾಕಿ ಮತ್ತೆ ತೆಗೆದರೆ ಕರಿ. ಮೂರನೇ ಸಲವೂ ಕರಿ. ಹಾಗಾದರೆ ಇದು ಕರಿ ಹೆಚ್ಚಿಗೆ ಇರುವ ಗಡಿಗೆ ಆಗಿರುವ ಸಂಭವ ಎಷ್ಟು?

"ನಾ ಮುಕ್ಕಾಲು ಅಂತ ಬರದೆ. ತಪ್ಪು ಅಂದ್ರು" ಎಂದಳು.

ನಾನು ಹುಣಸೆ ಬೀಜ ತಂದೆ. ಕೆಲವಕ್ಕೆ ಸುಣ್ಣ ಹಚ್ಚಿ ಒಣಗಿಸಿದೆ. ಕೈಗೆ ಎಲ್ಲವೂ ಒಂದೇ ಥರ ಹತ್ತಬೇಕು, ಸುಣ್ಣ ಒರಟಾಗಬಾರದು ಎಂದು ಅವಳು ಮತ್ತೆ ಮತ್ತೆ ತಿಕ್ಕಿಸಿದಳು. ಪಾರವ್ವ ಅಡಿಗೆಮನೆಯ ಎರಡು ಸಣ್ಣ ಗಡಿಗೆ ಖಾಲಿ ಮಾಡಿ ಕೊಟ್ಟಳು, ಬಟ್ಟೆ ಹೊದಿಸಿ ತಾನೇ ಅದಲುಬದಲು ಮಾಡಿ ಇಟ್ಟಳು. ಮೂರು ದಿನ ಮಧ್ಯಾಹ್ನ ನಾವು ಮೂವರೂ ಕೂತು ಬೀಜ ತೆಗೆದೆವು. ನೂರಾರು ಸಲ ತೆಗೆದೆವು. ನನ್ನ ಲೆಕ್ಕದಲ್ಲಿ ಒಂದು ಲಕ್ಷ ಸಲ, ಬೆರಳು ಸವೆದು ಹೋದವು. ನಾಗೂ ಪ್ರತಿಸಲ ಗೀಟು ಹಾಕಿಕೊಳ್ಳುತ್ತಿದ್ದಳು. ಸಾಲಾಗಿ ಮೂರು ಕರಿ ಬಂದಾಗಲೆಲ್ಲ ಬಟ್ಟೆ ತೆಗೆದು ನೋಡಿದರೆ ಹೆಚ್ಚುಕಡಿಮೆ ಯಾವಾಗಲೂ ಕರಿ ಹೆಚ್ಚಿದ್ದ ಗಡಿಗೆಯೇ. ಬಿಳಿ ಗಡಿಗೆಯಿಂದ ಮೂರೂ ಕರಿ ಬಂದದ್ದು ಎರಡೋ ಮೂರೋ ಸಲ.

ಮೂರನೆಯ ದಿನ ಅವಳ ಮುಖ ಬೆಳಗಿತು.

"ಮೊದಲನೇ ಗಡಿಗ್ಯಾಗಿಂದ ಸಾಲಾಗಿ ಮೂರು ಕರಿ ಬರೂದು ಅರವತ್ನಾಲ್ಕರಾಗ ಇಪ್ಪತ್ತೇಳು ಸಲ. ಎರಡನೇದರಾಗಿಂದ ಅರವತ್ನಾಲ್ಕರಾಗ ಒಂದ ಸಲ. ಅಂದ್ರ ಇಪ್ಪತ್ತೆಂಟರಾಗ ಇಪ್ಪತ್ತೇಳು ಪಾಲು ಅದು ಮೊದಲನೇ ಗಡಿಗಿನ."

ಪಾರವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು, "ಹಂಗಾರ ಮುಂದೇನಾಗ್ತದ ಅನ್ನೂದಲ್ಲ ಇದು. ಆಗಿಹೋದದ್ದು ನೋಡಿ ಒಳಗ ಏನಿತ್ತು ಅಂತ ಹೇಳೂದು."

"ಹೌದು ಅತ್ತಿ. ಅದ ನನಗ ನಾಕು ದಿನ ತಿಳೀಲಿಲ್ಲ."

ಮಾಸ್ತರು ಈ ಸಲ ಗೀಟು ಹೊಡೆಯಲಿಲ್ಲ. ಅವತ್ತು ನನಗೂ ಪಾರವ್ವನಿಗೂ ಮ್ಯಾಟ್ರಿಕ್ ಪಾಸಾದಷ್ಟು ಸಂತೋಷ.

ಫಾಲ್ಗುಣದಲ್ಲಿ ಶಾವಿಗೆ ಹೊಸೆಯುವ ಕೆಲಸ. ವಾಡೆಯ ಮಾಳಿಗೆಯ ಮೇಲೆ ಮಂಚದ ಮೇಲೆ ಮಣೆ ಇಟ್ಟು ಸಾವಂತ್ರವ್ವ ಹೊಸೆಯುತ್ತಿದ್ದಳು, ಪಾರವ್ವ ಎಳೆ ಹಿಡಿದು ಕೋಲಿಗೆ ಹಾಕುತ್ತಿದ್ದಳು, ನಾನು ಕಾಗೆ ಓಡಿಸುತ್ತಿದ್ದೆ. ನಾಗೂ ಪುಸ್ತಕ ಹಿಡಿದು ಮೂಲೆಯಲ್ಲಿದ್ದಳು. ಸೋಮವಾರ ಹತ್ತಿರವಾಗುತ್ತಿದ್ದರಿಂದ ಮಾತು ಹೂವಿನ ಕಡೆಗೇ ಹೊರಳಿತು. ಈ ಮನೆಯಲ್ಲಿ ಇಲ್ಲಿಯವರೆಗೆ ಎಷ್ಟು ಸಲ ಹೂ ಕೇಳಿದ್ದಾರೆ ಎಂದು ನಾಗೂ ಕೇಳಿದಳು. ಅತ್ತಿಗೆ ನಾದಿನಿ ಇಬ್ಬರೂ ಬೆರಳು ಮಡಚುತ್ತಾ ನೆನಪು ಮಾಡಿಕೊಂಡರು. ಅಂಗಡಿಯನ್ನು ಲಷ್ಕರಿಗೆ, ಅಂದರೆ ದಂಡಿನವರ ಪೇಟೆಗೆ, ಒಯ್ಯುವುದೋ ಎಂದು ಕೇಳಿದ್ದು, ಬೇಡ ಎಂದು ಬಿದ್ದಿತ್ತು. ಸಾವಂತ್ರವ್ವನನ್ನು ತಂದುಕೊಳ್ಳುವುದೋ ಎಂದು ಕೇಳಿದ್ದು, ಹೂಂ. ಈ ವಾಡೆಗೆ ಬರುವುದು, ಹೂಂ. ಹೊಳಬಸಪ್ಪ ಹುಬ್ಬಳ್ಳಿಯವರ ಜೊತೆ ಪಾಲುಗಾರನಾಗುವುದು, ಬೇಡ. ನಾಗೂನನ್ನು ಇಂಗ್ಲಿಷ್ ಸಾಲಿಗೆ ಹಾಕುವುದು, ಹೂಂ. ಹೀಗೆ ಹನ್ನೊಂದು ಆದವು.

"ಅತ್ತಿಯವ್ರು ಮೊದಲ ಹೇಳ್ತಿದ್ರು, ಹಂಗ ಬೀಳ್ತಿತ್ತು" ಎಂದಳು ಸಾವಂತ್ರವ್ವ. "ಒಮ್ಮಿನೂ ತಪ್ಪಿಲ್ಲ."

"ನನ್ನ ಮದಿವಿಗೂ ಅವ್ವ ಇಂದಾಪುರದ್ದ ಆಗ್ತದ ನೋಡ್ರಿ ಅಂದಿದ್ಲು" ಎಂದಳು ಪಾರವ್ವ, ಎಳೆಯನ್ನು ಕೋಲಿನ ಮೇಲೆ ಸರಿಮಾಡುತ್ತಾ. "ಬಲಕ್ಕ ಬಿತ್ತು. ಉಡಿಕಿ ಕೇಳಾಕ ಬಂದಾಗ ಬ್ಯಾಡ ಅಂದಿದ್ಲು. ಎಡಕ್ಕ ಬಿತ್ತು. ದೇವ್ರು ಹೇಳಿದ ಮ್ಯಾಲ ಮನಸಿಗೆ ಸಮಾಧಾನ ಇರ್ತದ."

ಪಾರವ್ವನನ್ನು ಹದಿನಾರಕ್ಕೆ ಇಂದಾಪುರಕ್ಕೆ ಕೊಟ್ಟಿದ್ದೆವು. ಅಳಿಯನಿಗೆ ಎದೆರೋಗ ಇತ್ತು, ನಮಗೆ ಗೊತ್ತಿರಲಿಲ್ಲ. ಮೂರು ವರ್ಷಕ್ಕೆ ಅವಳು ತಿರುಗಿ ಬಂದಳು. ಅದಾಗಿ ಮೂರು ವರ್ಷಕ್ಕೆ ಗುಳೇದಗುಡ್ಡದ ನೇಕಾರನೊಬ್ಬ ಅವಳನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು ಬಂದಿದ್ದ. ಗಂಡ ಸತ್ತವಳಿಗೆ ಉಡಿಕೆಯ ಮದುವೆ ನಮ್ಮಲ್ಲಿ ನಡೆಯುತ್ತದೆ. ಹೂ ಬೇಡ ಎಂದಿತು, ಅವನು ಹೊರಟುಹೋದ. ಅಂದಿನಿಂದ ಹನ್ನೊಂದು ವರ್ಷ ಅವಳು ಈ ಮನೆಯ ಬೀಸುವುದು, ತೊಳೆಯುವುದು, ಬಳಿಯುವುದು ನೋಡಿಕೊಂಡು ಬಂದಿದ್ದಳು.

ನಾಗೂ ಪೆನ್ಸಿಲ್ ತೆಗೆದಳು. ಪುಸ್ತಕದ ಅಂಚಿನಲ್ಲಿ ಏನೋ ಬರೆದು, ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು. ಎರಡು ಕಾಗೆ ಶಾವಿಗೆಗೆ ಬಂದು ಕೂತರೂ ನಾನು ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಹಿತ್ತಿಲಿನ ನಳದ ಹತ್ತಿರ ನಾನು ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದೆ. ಅವಳು ಬಂದು ತೊಳೆಯಲು ಕೂತಳು. ಕರೆಯದೆ ಪಾತ್ರೆಗೆ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಅಜ್ಜಿ, ಒಂದು ಲೆಕ್ಕ ಹೇಳ್ತೀನಿ. ತಪ್ಪಿದ್ರ ತಿದ್ದು."

"ಯಾಕ, ನಿಮ್ಮ ಮಾಸ್ತರು ರಜಾ ತಗೊಂಡಾರೇನು?"

"ಹನ್ನೊಂದು ಸಲ ಹೂ ಕೇಳ್ಯಾರ. ಹನ್ನೊಂದೂ ಸಲ ನೀ ಅಂದಂಗ ಬಿದ್ದದ. ಹೂ ತನ್ನಷ್ಟಕ್ಕ ಬಿದ್ದಿದ್ರ, ಹಂಗಾಗೂದು ಎರಡು ಸಾವಿರದ ನಲವತ್ತೆಂಟರಾಗ ಒಂದ ಸಲ."

ನಾನು ಲಕ್ಷ ಕೋಟಿಯ ಕೆಳಗೆ ಮಾತಾಡದವಳು. ಎರಡು ಸಾವಿರ ನನಗೆ ಸಣ್ಣದಾಗಿ ಕೇಳಿಸಿತು. "ಆ ಒಂದು ಸಲ ನಂದ ಇರಬೇಕು ತಗೊ" ಎಂದೆ.

"ಇರಬಹುದು. ಆದ್ರ ಗಡಿಗಿ ಲೆಕ್ಕ ನೀನೂ ಮಾಡಿದಿ. ಬಂದದ್ದು ನೋಡಿ ಯಾವ ಗಡಿಗಿ ಅಂತ ಹೇಳಬೇಕು. ಹೇಳಜ್ಜಿ. ಯಾವ ಗಡಿಗಿ?"

ನಳದ ನೀರು ಸುಮ್ಮನೆ ಹೋಗುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು. ನಾನು ಹೇಳಿದೆ. ಒಂದು ಚಳಿಗಾಲದಲ್ಲಿ ಕಿಟಕಿಯ ಗಾಳಿಗೆ ಆರಬಾರದೆಂದು ದೀಪವನ್ನು ಎಡಕ್ಕೆ ಸರಿಸಿದ್ದೆ. ಎಡಗಡೆಯ ಹಿತ್ತಾಳೆ ಬಿಸಿಯಾಯಿತು, ವಿಭೂತಿ ಒಣಗಿತು, ಎಡಗಡೆಯ ಹೂ ಮೊದಲು ಜಾರಿತು. ಅಂಗಡಿ ಲಷ್ಕರಿಗೆ ಹೋಗುವುದು ನಿಂತಿತು. ಅದು ನನಗೆ ಬೇಕಾಗಿದ್ದೂ ಹೌದು, ಹಾಗೇ ಬೀಳುತ್ತದೆ ಎಂದು ಮೊದಲೇ ಬಾಯಿಗೆ ಬಂದಂತೆ ಅಂದಿದ್ದೂ ಹೌದು. ಆಮೇಲಿಂದ ನನಗೆ ಹೂಂ ಬೇಕಾದಾಗ ದೀಪ ಬಲಕ್ಕೆ, ಬೇಡವಾದಾಗ ಎಡಕ್ಕೆ. ಮನೆಯಲ್ಲಿ ಗಂಡನ ಮಾತು, ಮಗನ ಮಾತು ನಡೆಯುತ್ತಿತ್ತು. ನನ್ನ ಮಾತು ದೇವರ ಬಾಯಿಂದ ಬಂದರೆ ಮಾತ್ರ ನಡೆಯುತ್ತಿತ್ತು.

"ನನ್ನ ಸಾಲಿ?" ಎಂದು ಕೇಳಿದಳು.

"ಅದೂ."

ಅವಳು ನಕ್ಕಳು. ಆಮೇಲೆ ನಗು ಹೋಯಿತು. "ಪಾರತ್ತಿದು?"

ನಾನು ತಂಬಿಗೆಯನ್ನು ಎರಡು ಸಲ ತಿಕ್ಕಿದೆ. ಇನ್ನೊಬ್ಬ ವರ ಗದಗಿನವನಿದ್ದ, ದೂರ ಆಗುತ್ತದೆ, ಇಂದಾಪುರವಾದರೆ ಮಗಳು ಆಗಾಗ ಕಣ್ಣಿಗೆ ಬೀಳುತ್ತಾಳೆ ಎಂದುಕೊಂಡೆ ಎಂದು ಹೇಳಿದೆ. ಎರಡನೆಯದರ ಬಗ್ಗೆ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ನೀ ಅಂಜಬ್ಯಾಡ" ಎಂದೆ. "ಸೋಮವಾರ ಎಡಕ್ಕ ಇಡ್ತೀನಿ. ಸೋಲಾಪುರದವ ಸೋಲಾಪುರದಾಗ ಇರಲಿ."

"ಬ್ಯಾಡ."

"ಮತ್ತ ನಡುವ ಇಡ್ಲೇನು?"

"ನಡುವ ಇಟ್ರ ಅರ್ಧ ಪಾಲು ನಾ ಸೋಲಾಪುರಕ್ಕ ಹೋದಂಗ. ಎಡಕ್ಕ ಇಟ್ರ ಈ ವರ ಹೋಗ್ತಾನ, ಬರೂ ತಿಂಗಳ ಇನ್ನೊಬ್ಬ ಬರ್ತಾನ. ನಿನಗ ಅರವತ್ತೆಂಟು. ಎಷ್ಟು ವರ್ಷ ದೀಪ ಸರಸ್ತಿ?" ತೊಳೆದ ತಾಟುಗಳನ್ನು ಒಂದರ ಮೇಲೊಂದು ಇಟ್ಟಳು. "ಅಪ್ಪಗ ಹೇಳು, ಅಜ್ಜಿ. ಇಲ್ಲಾಂದ್ರ ಈ ಮನ್ಯಾಗ ಹೂ ಕೇಳೂದು ನಿಲ್ಲೂದಿಲ್ಲ."

ಹೇಳು ಎಂದು ಹೇಳುವುದು ಸುಲಭ. ಹೇಳಿದರೆ ಪಾರವ್ವನೂ ಕೇಳಿಸಿಕೊಳ್ಳುತ್ತಾಳೆ. ಯುಗಾದಿಗೆ ಮುಂಚಿನ ಆ ಹತ್ತು ದಿನ ನಾನು ಪಲ್ಯಕ್ಕೆ ಎರಡೆರಡು ಸಲ ಉಪ್ಪು ಹಾಕಿದೆ. ರೊಟ್ಟಿ ಸುಟ್ಟೆ. ಮೈಯಲ್ಲಿ ಹುಷಾರಿಲ್ಲವೇನು ಎಂದು ಪಾರವ್ವ ಹಣೆ ಮುಟ್ಟಿ ನೋಡಿದಳು, ಶುಂಠಿ ಕುಟ್ಟಿ ಕಷಾಯ ಮಾಡಿ ಕೊಟ್ಟಳು. ನಾಗೂನ ಚಿಂತೆ ಹಚ್ಚಿಕೊಂಡಿದ್ದೇನೆ ಎಂದು ತಿಳಿದು, "ಯಾಕ ಒಳಗೊಳಗ ಸುಡ್ತಿ, ಅವ್ವ? ನನಗ ಎಷ್ಟು ಕಷ್ಟ ಬಂದ್ರೂ ಮನುಷ್ಯಾರು ಮಾಡಿದ್ದಲ್ಲ, ದೇವ್ರು ಹೇಳಿದ್ದು ಅನ್ನೂ ಒಂದು ಮಾತಿನ ಮ್ಯಾಲ ಎದ್ದು ನಿಂತೀನಿ. ಅಕಿನೂ ನಿಲ್ತಾಳ" ಎಂದಳು.

ಆ ಕಷಾಯ ಬೇವಿಗಿಂತ ಕಹಿಯಾಗಿತ್ತು. ಪೂರ್ತಿ ಕುಡಿದೆ.

ಸೋಮವಾರ ಬಂತು. ಹೊಳಬಸಪ್ಪ ಅಂಗಡಿ ತೆರೆಯಲಿಲ್ಲ. ಎಲ್ಲರೂ ಸ್ನಾನ ಮಾಡಿ ಜಗುಲಿಯ ಮುಂದೆ ಕೂತರು. ನಾನು ಎರಡು ಕಣಗಿಲೆ ಹೂ ಹಚ್ಚಿದೆ. ದೀಪ ಕೈಯಲ್ಲಿತ್ತು. ಸೋಲಾಪುರದ ಸಂಬಂಧಕ್ಕೆ ಹೂಂ ಆದರೆ ಬಲಕ್ಕೆ ಕೊಡು ತಂದೆ, ಎಂದು ಹೊಳಬಸಪ್ಪ ಕೈ ಮುಗಿದ. ನಾನು ದೀಪ ಇಡಲಿಲ್ಲ.

"ಹೊಳಬಸು, ಇದನ್ನ ಎಲ್ಲಿ ಇಡಬೇಕು ಅಂತ ನೀ ಹೇಳು."

"ಯಾವಾಗಲೂ ಇಡೂವಲ್ಲಿ ಇಡವಾ."

"ಯಾವಾಗಲೂ ಒಂದ ಕಡೆ ಇಟ್ಟಿಲ್ಲ" ಎಂದು ಎಲ್ಲವನ್ನೂ ಹೇಳಿದೆ. ಮಾತಿಗೆ ಉಪ್ಪು ಖಾರ ಹಚ್ಚಲಿಲ್ಲ. ನಳದ ಹತ್ತಿರ ಹೇಳಿದ್ದಕ್ಕಿಂತ ಸಣ್ಣದಾಗಿಯೇ ಹೇಳಿದೆ. ಮುಗಿಸಿದಾಗ ಸಾವಂತ್ರವ್ವ ಬಾಯಿಗೆ ಸೆರಗು ಹಿಡಿದಿದ್ದಳು.

ಹೊಳಬಸಪ್ಪ ನಂಬಲಿಲ್ಲ. ಮೊಮ್ಮಗಳ ಮೇಲಿನ ಪ್ರೀತಿಗೆ ಮುದುಕಿ ದೇವರ ಮುಂದೆಯೇ ಸುಳ್ಳು ಹೇಳುತ್ತಿದ್ದಾಳೆ ಎಂದ. ನನ್ನ ಜನ್ಮದಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಅವನು ನಂಬಿದ್ದ. ನಿಜ ಹೇಳಿದಾಗ ನಂಬಲಿಲ್ಲ.

"ಹಂಗಾರ ಏನೂ ಕೇಳಬ್ಯಾಡ" ಎಂದೆ. "ಯಾವ ಹೂ ಬೀಳಬೇಕು ಅನ್ನೂದಷ್ಟ ಹೇಳು."

ಅವನು ಬಲಗಡೆಯದು ಎಂದ. ದೀಪವನ್ನು ಬಲಕ್ಕೆ ಇಟ್ಟೆ. ಒಲೆಯ ಮೇಲೆ ಬೇಳೆ ಕುದಿ ಬರುವಷ್ಟು ಹೊತ್ತು ಕಾದೆವು. ಬಲಗಡೆಯ ಹೂ ಜಾರಿತು. ದೇವರನ್ನು ತಣ್ಣೀರಿನಿಂದ ಒರೆಸಿ ಹೊಸ ಹೂ ಹಚ್ಚಿದೆ. ಎಡಗಡೆಯದು ಎಂದ. ಎಡಗಡೆಯದು ಬಿತ್ತು. ಮೂರನೇ ಸಲಕ್ಕೂ ಹೊಸ ಹೂ ಹಚ್ಚಿದೆ. ನಾನೇ ಎಡಗಡೆಯದು ಎಂದು ಹೇಳಿ ಇಟ್ಟೆ. ಬಿತ್ತು. ಹೊಳಬಸಪ್ಪ ಆ ಹೂ ಎತ್ತಿ ಹಿಂದೆ ಮುಂದೆ ನೋಡಿ, ನೆಲದ ಮೇಲೆ ಇಟ್ಟ.

ಪಾರವ್ವ ಗೋಡೆಗೆ ಒರಗಿ ಕೂತಿದ್ದಳು.

"ನಂದೂ?" ಎಂದಳು.

"ಹೌದು."

"ಎರಡನೇದೂ?"

ಕೋಣೆಯಲ್ಲಿ ನಾಗೂ ಕೂಡ ತಲೆ ಎತ್ತಲಿಲ್ಲ.

"ಎರಡನೇದೂ" ಎಂದೆ. "ಮತ್ತೊಮ್ಮಿ ಕಳಿಸಿ ಮತ್ತೊಮ್ಮಿ ಅಳೂದು ಬ್ಯಾಡ ಅಂದೆ. ನನ್ನ ಕೈಗೊಂದು ಕೈ ಮನ್ಯಾಗ ಇರಲಿ ಅಂತನೂ ಅಂದೆ."

ಪಾರವ್ವ ಎದ್ದು ಅಡಿಗೆಮನೆಗೆ ಹೋದಳು. ಹಿಟ್ಟು ನಾದುವ ಸದ್ದು ಬಂತು.

ಹೊಳಬಸಪ್ಪ ಜಗುಲಿಗೆ ಬೆನ್ನು ಮಾಡಿ ಕೂತ. ಕೇಳಲು ಅವನಿಗೆ ಈಗ ಯಾರೂ ಉಳಿದಿರಲಿಲ್ಲ. ಕೊನೆಗೆ ಮಗಳನ್ನು ನೋಡಿ, "ನಿನಗೇನು ಬೇಕು?" ಎಂದ. ಆ ಮನೆಯಲ್ಲಿ ಯಾವ ಹೆಣ್ಣಿಗೂ ಅದನ್ನು ಯಾರೂ ಕೇಳಿರಲಿಲ್ಲ. ನಾಗೂ ಪರೀಕ್ಷೆಗೆ ಕೂಡುತ್ತೇನೆ ಎಂದಳು.

"ಎರಡು ಹೆಸರಿನ್ಯಾಗ ನಿನ್ನ ಹೆಸರು ಬರಲಿಲ್ಲಾಂದ್ರ ನಾ ಹೇಳಿದಂಗ ಕೇಳಬೇಕು."

"ಕೇಳ್ತೀನಿ."

"ಬರೂ ಸಂಭವ ಎಷ್ಟು?" ಎಂದ. ಅಣಕಕ್ಕೋ ನಿಜವಾಗಿಯೋ ಗೊತ್ತಾಗಲಿಲ್ಲ.

"ಗೊತ್ತಿಲ್ಲಪ್ಪಾ. ಎಷ್ಟು ಮಂದಿ ಕೂಡ್ತಾರಂತ ಹೇಳಿಲ್ಲ."

ಅವನು ಸೋಲಾಪುರಕ್ಕೆ ಕಾಗದ ಬರೆದ. ಅವರು ಕಾಯಲಿಲ್ಲ. ಅದೇ ವೈಶಾಖದಲ್ಲಿ ಬೇರೆ ಹುಡುಗಿಯನ್ನು ತಂದುಕೊಂಡರು. ಸಾವಂತ್ರವ್ವ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಮಗಳಿಗೆ ಹಾಲು ಕಾಯಿಸಿ ಕೊಟ್ಟಳು. ತಲೆ ನಡೆಯಬೇಕಾದರೆ ಹೊಟ್ಟೆಗೆ ಬೇಕು ಎಂದಳು.

ಪಾರವ್ವ ಎಲ್ಲರ ಜೊತೆ ಮೊದಲಿನ ಹಾಗೇ ಇದ್ದಳು. ನನ್ನ ಜೊತೆ ಮಾತ್ರ ಮಾತಿಲ್ಲ. ಹೊತ್ತಿಗೆ ಸರಿಯಾಗಿ ನನ್ನ ತಾಟು ಬರುತ್ತಿತ್ತು. ಹಲ್ಲಿಲ್ಲದವಳೆಂದು ರೊಟ್ಟಿಯನ್ನು ಹಾಲಿನಲ್ಲಿ ಮುರಿದೇ ಹಾಕಿರುತ್ತಿದ್ದಳು. ಇಟ್ಟು ಹೋಗುತ್ತಿದ್ದಳು. ಜಗುಲಿಯ ಪೂಜೆ ಅವಳೇ ಹಿಡಿದಳು. ನಾನು ದೀಪದ ಬತ್ತಿ ಹೊಸೆಯಲು ಕೂತರೆ ಹತ್ತಿ ತೆಗೆದುಕೊಂಡು ಹೋಗುತ್ತಿದ್ದಳು. ನಾನು ಚೇಷ್ಟೆ ಮಾಡಿ ನೋಡಿದ್ದಾಯಿತು. ರಂಗೂಬಾಯಿಗಿಂತ ಮೊದಲು ಅವಳ ಮೂಗು ನಮ್ಮ ಮನೆಗೆ ಬರುತ್ತದೆ ಎಂದೆ, ಮೊದಲಾಗಿದ್ದರೆ ನಗುತ್ತಿದ್ದಳು. ಸಾವಂತ್ರವ್ವ ನಕ್ಕಳು. ಅವಳು ಬೀಸುಕಲ್ಲು ತಿರುಗಿಸುತ್ತಲೇ ಇದ್ದಳು.

ಪರೀಕ್ಷೆಯ ದಿನ ಪಂಢರಿನಾಥ ಮಾಸ್ತರೇ ಟಾಂಗಾ ತಂದು ಕರೆದುಕೊಂಡು ಹೋದರು. ಸಂಜೆ ನಾಗೂ ಬಂದು, ಏಳರಲ್ಲಿ ಆರು ಸರಿ ಮಾಡಿದೆ, ಏಳನೆಯದು ಸಂಭವದ ಲೆಕ್ಕ, ಉತ್ತರ ಬಂತು, ಖಾತ್ರಿ ಇಲ್ಲ ಎಂದಳು. ಎರಡು ಸಲ ಬೇರೆ ಬೇರೆ ದಾರಿಯಿಂದ ಮಾಡಿದೆಯೋ ಎಂದು ಪಾರವ್ವ ಕೇಳಿದಳು. ಎರಡೂ ದಾರಿಯಲ್ಲಿ ಅದೇ ಬಂತು ಎಂದಳು. ಹಾಗಾದರೆ ಸುಮ್ಮನೆ ಉಣ್ಣು ಎಂದಳು ಪಾರವ್ವ.

ಮೃಗಶಿರ ಮಳೆ ಶುರುವಾದ ವಾರ ಹೆಸರು ಬಂದವು. ನಾಗೂನದು ಎರಡನೆಯದು. ಮಾಸ್ತರು ಕೊಡೆ ಇಲ್ಲದೆ ನೆನೆದುಕೊಂಡು ಬಂದು ಹೇಳಿ ಹೋದರು. ಹೊಳಬಸಪ್ಪ ಅಂಗಡಿಯಿಂದ ಒಂದು ಚಂದ್ರಕಳೆ ಖಣ ತಂದು, ಯಾರಿಗೆ ಎಂದು ಹೇಳದೆ ಮಗಳ ಪುಸ್ತಕದ ಮೇಲೆ ಇಟ್ಟ. ಪಾರವ್ವ ಗೋಧಿ ಹುಗ್ಗಿ ಮಾಡಿದಳು. ಎಲ್ಲರೂ ಉಂಡರು. ಅಪ್ಪ ಅಂಗಡಿಗೆ ಹೋದ. ತಾಯಿ ಮಗಳು ಸುದ್ದಿ ಹೇಳಲು ರಂಗೂಬಾಯಿಯ ಕಡೆಗೆ ಹೋದರು.

ಪಾರವ್ವ ನನ್ನ ಬಟ್ಟಲಿಗೆ ಹುಗ್ಗಿ ಹಾಕಿ ತಂದು ಇಟ್ಟಳು. ಹೋಗಲಿಲ್ಲ. ಎದುರಿಗೆ ನೆಲದ ಮೇಲೆ ಕೂತಳು.

"ಉಡಿಕಿಗಿ ಬಂದಿದ್ದನಲ್ಲ, ಅಂವ ಹೆಂಗಿದ್ದ?"

ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು. ಸಾಸಿವೆಯನ್ನು ಗುಡ್ಡ ಮಾಡಿ ಹೇಳುವ ನಾನು ಇದ್ದದ್ದಷ್ಟನ್ನೇ ಹೇಳಿದೆ.

"ಎತ್ತರ ಇದ್ದ" ಎಂದೆ. "ಮಾತು ಕಡಿಮಿ. ನೀರು ಕೊಟ್ರ ಎರಡೂ ಕೈಲೆ ತಗೊಂಡ."

"ನಾ ನೋಡಲಿಲ್ಲ."

"ನಿನ್ನ ಆವತ್ತ ರಂಗೂಬಾಯಿ ಕಡೆ ಕಳಿಸಿದ್ದೆ."

"ಮತ್ತ?"

"ಒಂದು ಕೂಸು ಇತ್ತು. ತಾಯಿ ಇಲ್ಲದ್ದು. ಹೆಣ್ಣು, ಮೂರು ವರ್ಷದ್ದು. ಜೋಡಿ ಕರಕೊಂಡು ಬಂದಿದ್ದ. ಹೊರಗ ಕಟ್ಟಿ ಮ್ಯಾಲ ಕೂತಿತ್ತು."

"ಹೆಸರೇನು?"

"ಕೇಳಲಿಲ್ಲ."

ಪಾರವ್ವ ನನ್ನ ಮುಖ ನೋಡುತ್ತಾ ಕೂತಳು. ಅವಳ ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಒಂದೊಂದಾಗಿ ಸರಿಯಿತು.

"ಈಗ ಅಕಿಗಿ ಹದಿನಾಲ್ಕು" ಎಂದಳು.